ಕತ್ತಲೆಕೋಣೆಯ ಕಳ್ಳಬೆಳಕು

ಕತ್ತಲೆಯನ್ನು ಬೇಡಿ ಪಡೆಯುವವರು ಲೋಕದಲ್ಲಿ ವಿರಳ. ಛಾಯಾಗ್ರಾಹಕನು ಅಂಥವರಲ್ಲೊಬ್ಬ. ಬೆಳಕು ಬರೆದ ಚಿತ್ರವನ್ನು ಆತನು ಕತ್ತಲೆಯಲ್ಲಿಯೇ ಹೊರತೆಗೆಯಬೇಕು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಕತ್ತಲೆಕೋಣೆಗಳು ಅಪರೂಪವಾಗಿವೆ. ಆದರೂ ಆ ಕೋಣೆ ನನಗೆ ಕಲಿಸಿದ ಪಾಠ ಮಾಸಿಲ್ಲ.

ವಿದ್ಯಾರ್ಥಿದೆಸೆಯಲ್ಲಿ ನಮ್ಮ ಬಚ್ಚಲುಮನೆಯೇ ನನ್ನ ಕತ್ತಲೆಕೋಣೆ. ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಕೆಂಪು ದೀಪದ ಕೆಳಗೆ ಕುಳಿತು ಅಜ್ಜನ ಚಿತ್ರವೊಂದರ ಪ್ರಿಂಟು ಹಾಕಲು ಹೊರಟೆ. ಅಜ್ಜ ತೀರಿಹೋಗಿ ಮೂರು ತಿಂಗಳಾಗಿತ್ತು. ಉಳಿದಿದ್ದುದು ಅದೊಂದೇ ನೆಗೆಟಿವ್. ಜಗಲಿಯ ಮೇಲೆ ಬಿಳಿಯ ಪಂಚೆಯುಟ್ಟು ಕುಳಿತ ಚಿತ್ರ. ಮುಖವೇನೋ ಮೂಡಿತು, ಪಂಚೆಯ ನಿರಿಗೆಗಳೆಲ್ಲ ಬೂದುಬಣ್ಣದ ಮಂಜಿನಲ್ಲಿ ಮುಳುಗಿದುವು. ಡೆವಲಪರ್ ಬದಲಿಸಿದೆ, ಕಾಗದ ಬದಲಿಸಿದೆ, ಮಂಜು ಕರಗಲಿಲ್ಲ. ಅಜ್ಜಿ ನೋಡಿ, “ಇಷ್ಟು ಕೊಳೆಯಾದ ಪಂಚೆಯನ್ನು ಅವರು ಎಂದೂ ಉಟ್ಟವರಲ್ಲ, ಮಗು” ಎಂದರು.

ಬೆಳಕು ನುಸುಳುತ್ತಿದೆಯೋ ಎಂದು ಹೊಸ ಕಾಗದದ ಮೇಲೆ ನಾಣ್ಯವಿಟ್ಟು, ಐದು ನಿಮಿಷ ಬಿಟ್ಟು ಡೆವಲಪರಿನಲ್ಲಿ ಅದ್ದಿದೆ. ಕಾಗದ ಬೆಳ್ಳಗೇ ಉಳಿಯಿತು. ಕೋಣೆ ನಿರ್ದೋಷಿಯೆಂದು ತೀರ್ಮಾನಿಸಿದೆ.

ಊರಿನ ಸ್ಟುಡಿಯೋದ ಹಿರಿಯರೊಬ್ಬರು ಇದನ್ನು ಕೇಳಿ ನಕ್ಕರು. “ಖಾಲಿ ಕಾಗದ ಸುಳ್ಳುಸಾಕ್ಷಿ ಕಣಪ್ಪ.” ಬೆಳ್ಳಿಯ ಲವಣ ಲೇಪಿಸಿದ ಕಾಗದವು ಒಂದು ಮಿತಿಯವರೆಗೆ ಬಿದ್ದ ಬೆಳಕನ್ನು ತೋರಗೊಡುವುದಿಲ್ಲ. ಚಿತ್ರದ ಬೆಳಕು ಬಿದ್ದೆಡೆ ಆ ಮಿತಿ ಆಗಲೇ ದಾಟಿರುತ್ತದೆ; ಅಲ್ಲಿ ಕಳ್ಳಬೆಳಕು ಎಷ್ಟು ಅಲ್ಪವಾದರೂ ಲೆಕ್ಕಕ್ಕೆ ಸೇರುತ್ತದೆ. ಮೊದಲು ಕೆಡುವುದು ಚಿತ್ರದ ಅತಿ ತಿಳಿಯಾದ ಛಾಯೆಗಳು. ಆದುದರಿಂದ ಕಾಗದಕ್ಕೆ ಮೊದಲು ತಿಳಿಬೂದು ಬರುವಷ್ಟು ಬೆಳಕು ಕೊಟ್ಟು, ಆಮೇಲೆ ನಾಣ್ಯವಿಡಬೇಕು. ಹಾಗೆ ಮಾಡಿದೆ. ನಾಣ್ಯದ ವೃತ್ತ ತಿಳಿಯಾಗಿ ಎದ್ದುಬಂದಿತು!

ಅಪರಾಧಿ ಕೆಂಪು ದೀಪವೇ? ಬೆಳ್ಳಿಯ ಕ್ಲೋರೈಡು ನೇರಳೆ ಬೆಳಕಿನಲ್ಲಿ ಉಳಿದ ಬಣ್ಣಗಳಿಗಿಂತ ಬೇಗ ಕಪ್ಪಾಗುವುದನ್ನು ಸ್ವೀಡನ್ನಿನ ಷೀಲೆ 1777ರಲ್ಲಿಯೇ ತಿಳಿಸಿದ್ದ. ಕಾಗದಕ್ಕೆ ಕೆಂಪು ದೀಪ ಸಲ್ಲುವುದು ಈ ಗುಣದಿಂದ. 1873ರಲ್ಲಿ ಜರ್ಮನಿಯ ಫೋಗೆಲ್ ವರ್ಣದ್ರವ್ಯ ಬೆರೆಸಿ ಪ್ಲೇಟಿಗೆ ಹಸಿರನ್ನೂ ಗ್ರಹಿಸುವ ಶಕ್ತಿ ಕೊಟ್ಟ. ಅದೇ ದಾರಿಯಲ್ಲಿ ಮುಂದೆ ಎಲ್ಲ ಬಣ್ಣಗಳನ್ನೂ ಕಾಣುವ ಫಿಲ್ಮು ಬಂದಿತು. ಅದಕ್ಕೆ ಕೆಂಪು ದೀಪವೂ ಕೂಡದು. ಕಾಗದಕ್ಕಾದರೂ ದೀಪ 15 ವಾಟಿಗೆ ಮೀರದೆ, 4 ಅಡಿಯಾದರೂ ದೂರದಲ್ಲಿರಬೇಕು. ನನ್ನದು ಹಾಗೆಯೇ ಇದ್ದಿತು. ದೀಪವಾರಿಸಿ ಪರೀಕ್ಷಿಸಿದೆ, ವೃತ್ತ ಮತ್ತೆ ಮೂಡಿತು. ಕಳ್ಳನು ಹೊರಗಿನವನು.

ಮರುದಿನ ನಡುಹಗಲಲ್ಲಿ ದೀಪವಿಲ್ಲದೆ ಒಳಗೆ ಕುಳಿತೆ. ಒಳಹೊಕ್ಕೊಡನೆ ಕಣ್ಣು “ಕಗ್ಗತ್ತಲೆ” ಎಂದಿತು. ಅದೂ ಸುಳ್ಳುಸಾಕ್ಷಿಯೇ. ಕಣ್ಣು ಕತ್ತಲೆಗೆ ಚೆನ್ನಾಗಿ ಪಳಗಲು 20-30 ನಿಮಿಷ ಬೇಕು. ಆ ತಾಳ್ಮೆ ನನಗೆ ಅಂದಿನವರೆಗೆ ಇರಲಿಲ್ಲ. ಅರ್ಧ ಗಂಟೆಯ ಹೊತ್ತಿಗೆ ಗೋಡೆಯ ಬುಡದಲ್ಲಿ ಮಸುಕಾದ ಹೊಳಪೊಂದು ಕಂಡಿತು: ಬಚ್ಚಲ ನೀರು ಹೊರಹೋಗುವ ಕಿಂಡಿ! ಹೊರಗೆ ನಿಂತ ನೀರಿನ ಮೇಲೆ ಬಿದ್ದ ಬಿಸಿಲು ಅದರ ಮೂಲಕ ಒಳಕ್ಕೆ ಪ್ರತಿಫಲಿಸುತ್ತಿದ್ದಿತು. ಬಾಗಿಲು, ಕಿಟಕಿಗಳನ್ನು ಮುಚ್ಚಿದವನು ಕಾಲಬುಡವನ್ನು ನೋಡಿರಲಿಲ್ಲ.

ದೋಷವಿಲ್ಲವೆನ್ನಲು ಒಂದು ನೋಟ ಸಾಲದು. ದೋಷ ಕಾಣುವಷ್ಟು ಹೊತ್ತು ಕುಳಿತಿರಬೇಕು.

ಕಿಂಡಿಗೆ ಕಪ್ಪು ಬಟ್ಟೆ ತುರುಕಿ ಮತ್ತೆ ಪ್ರಿಂಟು ಹಾಕಿದೆ. ಪಂಚೆಯ ಒಂದೊಂದು ನಿರಿಗೆಯೂ ಬೆಳ್ಳಗೆ ಬಿಡಿಬಿಡಿಯಾಗಿ ಬಂದಿತು. ಅಜ್ಜಿ ಬಹಳ ಹೊತ್ತು ನೋಡಿದರು.

“ಈಗ ಸರಿ. ಇದು ನಾನು ಒಗೆದದ್ದು” ಎಂದರು.