‘ರಾಜ್ಯ’ ಅಂದರೆ ಯಾವ ರಾಜ್ಯ? ಅಂತಾರಾಷ್ಟ್ರೀಯ ಸಂಬಂಧಗಳ ತರಗತಿಯಲ್ಲಿ ಗಡಿನಾಡ ಕನ್ನಡ

ಕನ್ನಡ ಮಾಧ್ಯಮದಲ್ಲಿ ಓದಿ, ಎಂ.ಎ.ಗೆ ಅಂತಾರಾಷ್ಟ್ರೀಯ ಸಂಬಂಧಗಳನ್ನು ಆರಿಸಿಕೊಂಡ ಕಾಸರಗೋಡಿನ ವಿದ್ಯಾರ್ಥಿ ಮೊದಲ ಸೆಮಿಸ್ಟರಿನಲ್ಲಿ ಎಡವುವುದು ಎಲ್ಲಿ? ಇಂಗ್ಲಿಷಿನಲ್ಲಿ ಅಂತ ಎಲ್ಲರೂ ಹೇಳ್ತಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಗೊತ್ತಿಲ್ಲದ ಇಂಗ್ಲಿಷ್ ಪದವನ್ನು ನಿಘಂಟಿನಲ್ಲಿ ಹುಡುಕುತ್ತೇವೆ. ಗೊತ್ತಿದೆ ಅಂದುಕೊಂಡ ಕನ್ನಡ ಪದವನ್ನು ಯಾರು ಹುಡುಕುತ್ತಾರೆ? ನಮ್ಮನ್ನು ಎಡವಿಸುವುದು ಅಂಥ ಎರಡು ಪದಗಳು: ‘ರಾಜ್ಯ’ ಮತ್ತು ‘ಅರಾಜಕತೆ’.

ಮೊದಲು ರಾಜ್ಯ. 1933ರ ಮಾಂಟೆವಿಡಿಯೊ ಒಪ್ಪಂದ ಒಂದು ಸ್ಟೇಟ್‌ಗೆ ನಾಲ್ಕು ಲಕ್ಷಣ ಹೇಳುತ್ತದೆ: ಕಾಯಂ ಜನಸಂಖ್ಯೆ, ನಿರ್ದಿಷ್ಟ ಭೂಪ್ರದೇಶ, ಸರಕಾರ, ಬೇರೆ ಸ್ಟೇಟ್‌ಗಳ ಜೊತೆ ಸಂಬಂಧ ಬೆಳೆಸುವ ಸಾಮರ್ಥ್ಯ. ಕನ್ನಡದ ರಾಜ್ಯಶಾಸ್ತ್ರ ಪುಸ್ತಕದಲ್ಲಿ ಇದೇ ‘ರಾಜ್ಯ’. ಆದರೆ ನಮ್ಮೂರಲ್ಲಿ ಆ ಪದ ಕೇಳಿದರೆ ನೆನಪಾಗುವುದು 1956ರ ನವೆಂಬರ್ 1, ಕಾಸರಗೋಡು ತಾಲೂಕು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿದ ದಿನ. ಕೇರಳಕ್ಕೆ ಮೊದಲ ಮೂರು ಲಕ್ಷಣ ಇವೆ, ನಾಲ್ಕನೆಯದಿಲ್ಲ. ಅದು ರಾಯಭಾರಿಯನ್ನು ಕಳಿಸಲಾರದು. ಅದರ ಗಡಿಯೇ ಅದರ ಕೈಯಲ್ಲಿಲ್ಲ. ಸಂವಿಧಾನದ 3ನೇ ವಿಧಿಯ ಪ್ರಕಾರ ಸಂಸತ್ತು ಅದನ್ನು ಬದಲಿಸಬಹುದು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಅಂತ ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಸಂಸತ್ತು ಕಾನೂನು ಮಾಡಲಿಲ್ಲ, ಗಡಿ ಇದ್ದಲ್ಲೇ ಉಳಿಯಿತು.

ಕೆಲವರು ಸ್ಟೇಟ್‌ಗೆ ‘ಪ್ರಭುತ್ವ’ ಅಂತ ಬರೆಯುತ್ತಾರೆ. ಪ್ರಜೆಗಳ ಎದುರು ನಿಂತ ಅಧಿಕಾರದ ಬಗ್ಗೆ ಮಾತಾಡುವಾಗ ಅದು ಚೆನ್ನ. ಆದರೆ ‘ಎರಡು ಪ್ರಭುತ್ವಗಳು ಒಪ್ಪಂದಕ್ಕೆ ಸಹಿ ಹಾಕಿದವು’ ಅಂದರೆ ಕಿವಿಗೆ ಒಗ್ಗುವುದಿಲ್ಲ. ನಾನು ‘ಸಾರ್ವಭೌಮ ರಾಜ್ಯ’ ಅಂತಲೇ ಬರೆಯುತ್ತೇನೆ, ಉದ್ದವಾದರೂ ಸರಿ.

ಇನ್ನು ಅರಾಜಕತೆ. ಪತ್ರಿಕೆಯಲ್ಲಿ ಈ ಪದ ಬಂದರೆ ಗಲಭೆ, ಲೂಟಿ ಅಂತ ಅರ್ಥ. ಕೆನೆತ್ ವಾಲ್ಟ್ಸ್ 1979ರ ತಮ್ಮ ಪುಸ್ತಕದಲ್ಲಿ ಹೇಳಿದ್ದು ಗಲಭೆಯನ್ನಲ್ಲ. ಸಾರ್ವಭೌಮ ರಾಜ್ಯಗಳ ಮೇಲೆ ಇನ್ನೊಬ್ಬ ಯಜಮಾನ ಇಲ್ಲ, ಅಷ್ಟೆ. ಪೂರ್ಣ ಶಾಂತಿ ಇದ್ದಾಗಲೂ ಈ ಅರಾಜಕತೆ ಇರುತ್ತದೆ. ತಮಾಷೆ ಅಂದರೆ, ಪದದ ಮೂಲ ಅರ್ಥವೂ ಅದೇ: ರಾಜ ಇಲ್ಲದಿರುವುದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ‘ಮತ್ಸ್ಯನ್ಯಾಯ’ ಇದೆ. ಆದರೆ ಕೌಟಿಲ್ಯ ಆ ಮಾತನ್ನು ರಾಜ್ಯದ ಒಳಗಿನ ಸ್ಥಿತಿಗೆ ಹೇಳಿದ್ದು. ಪರೀಕ್ಷೆಯಲ್ಲಿ ಎರಡನ್ನೂ ಒಂದೇ ಮಾಡಬೇಡಿ.

ಈ ಎರಡು ಪದಗಳ ವ್ಯತ್ಯಾಸ ನಮಗೆ ಮೈಮೇಲೆ ಬಂದದ್ದು 2020ರ ಮಾರ್ಚ್ ಕೊನೆಯಲ್ಲಿ. ಕೊರೊನಾ ಭಯದಿಂದ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು, ಕೆಲವು ಕಡೆ ರಸ್ತೆಗೆ ಮಣ್ಣು ಸುರಿದರು. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿ.ಮೀ., ತಿರುವನಂತಪುರ 500 ಕಿ.ಮೀ.ಗೂ ಹೆಚ್ಚು. ಡಯಾಲಿಸಿಸ್‌ಗೆ, ಹೆರಿಗೆಗೆ ನಾವು ಹೋಗುವುದು ಎಲ್ಲಿಗೆ ಅಂತ ಹೇಳಬೇಕಾಗಿಲ್ಲ. ನಮ್ಮ ಕಡೆಯವರು ಆಗ ‘ಇದೇನು ಭಾರತ–ಪಾಕಿಸ್ತಾನ ಗಡಿಯಾ?’ ಅಂತ ಕೇಳ್ತಿದ್ದರು. ಅದು ಒಳ್ಳೆಯ ಪ್ರಶ್ನೆ, ಉತ್ತರವೂ ಇದೆ: ಅಲ್ಲ, ಯಾಕೆಂದರೆ ಮೇಲೆ ಒಬ್ಬ ಯಜಮಾನ ಇದ್ದ. ರಸ್ತೆ ರಾಷ್ಟ್ರೀಯ ಹೆದ್ದಾರಿ, ಅಂದರೆ ಕೇಂದ್ರದ್ದು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ತಡೆ ತೆಗೆಸುವಂತೆ ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ರೋಗಿಗಳನ್ನು ಬಿಡಲು ಎರಡೂ ಕಡೆಯವರು ಒಪ್ಪಿದ್ದಾರೆಂದು ಕೇಂದ್ರ ತಿಳಿಸಿದ ಮೇಲೆ, ಏಪ್ರಿಲ್ 7ಕ್ಕೆ ಪ್ರಕರಣ ಮುಗಿಯಿತು. ಎರಡು ಸಾರ್ವಭೌಮ ರಾಜ್ಯಗಳ ನಡುವೆ ಹೀಗೆ ಹೋಗಿ ಬಾಗಿಲು ತಟ್ಟುವ ಕೋರ್ಟು ಇಲ್ಲ. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೂ ಸಂಬಂಧಪಟ್ಟ ರಾಜ್ಯಗಳ ಒಪ್ಪಿಗೆ ಬೇಕು.

ಆದರೆ ವಾಲ್ಟ್ಸ್ ಹೇಳಿದಷ್ಟು ಸಲೀಸಾಗಿ ಇದು ಮುಗಿಯುವುದಿಲ್ಲ ಅಂತ ನನ್ನ ತಕರಾರು. ಯಜಮಾನ ಇದ್ದೂ ಆಂಬುಲೆನ್ಸ್ ದಿನಗಟ್ಟಲೆ ನಿಂತಿತಲ್ಲ? ಕೋರ್ಟಿನ ಆದೇಶಕ್ಕಿಂತ ಕೊನೆಗೆ ಕೆಲಸ ಮಾಡಿದ್ದು ಮಾತುಕತೆ. ಅದು ರಾಜತಾಂತ್ರಿಕತೆಯ ದಾರಿ, ನಾವು ಎಂ.ಎ.ಯಲ್ಲಿ ಬೇರೆ ಪತ್ರಿಕೆಯಾಗಿ ಓದುವ ವಿಷಯ. ಡಿಸರ್ಟೇಶನ್‌ಗೆ ವಿಷಯ ಸಿಗ್ತಿಲ್ಲ ಅನ್ನುವವರು ತಲಪಾಡಿಯ ಆ ದಿನಗಳನ್ನು ತೆಗೆದುಕೊಳ್ಳಬಹುದು. ಹೈಕೋರ್ಟಿನ ಆದೇಶ ಓದಲು ಸಿಗುತ್ತದೆ, ಗಡಿ ದಾಟಲಾಗದೆ ನಿಂತವರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ, ಸಂದರ್ಶನವನ್ನು ಕನ್ನಡ, ತುಳು, ಮಲಯಾಳದಲ್ಲಿ ಮಾಡಬಹುದು. ಚಾಟ್‌ನಲ್ಲಿ ‘ಸೆಕ್ಯುರಿಟಿ’ಗೆ ‘ಭದ್ರತೆ’ ಸಾಕೇ ಅಂತ ಒಬ್ಬರು ಕೇಳಿದ್ದಾರೆ. ಈಗ ಅದನ್ನು ತೆಗೆದುಕೊಳ್ಳೋಣ.