ಒಲೆಯ ಬದಿಯ ಬೆಕ್ಕು, ಕಬ್ಬಿನ ಗದ್ದೆಯ ಬೆಕ್ಕು

ನಾಯಿಯನ್ನು ಮನುಷ್ಯ ಪಳಗಿಸಿದ. ಬೆಕ್ಕಾದರೋ ತಾನಾಗಿಯೇ ಬಂದು ಅವನ ಮನೆ ಸೇರಿತು. ಕಣಜಗಳು ಹುಟ್ಟಿದೊಡನೆ ಇಲಿಗಳು ಬಂದವು, ಇಲಿಗಳ ಬೆನ್ನಿಗೇ ಆಫ್ರಿಕದ ಕಾಡುಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಮಗ್ಗುಲಲ್ಲಿ ಹೂಳಿದ ಬೆಕ್ಕಿನ ಅಸ್ಥಿಗಳು ದೊರೆತ ಸಂಗತಿ 2004ರಲ್ಲಿ ಪ್ರಕಟವಾಯಿತು. ಇಷ್ಟು ಹಳೆಯ ಒಡನಾಟವಾದರೂ ಬೆಕ್ಕು ತನ್ನ ಕಾಡಿನ ನಡತೆಯಲ್ಲಿ ಬಿಟ್ಟುಕೊಟ್ಟದ್ದು ಅತ್ಯಲ್ಪ.

ಅದು ನಮ್ಮ ಕಾಲಿಗೆ ಕೆನ್ನೆ ಉಜ್ಜಿದಾಗ ನಾವು ಪ್ರೀತಿಯೆಂದು ಹಿಗ್ಗುತ್ತೇವೆ. ಪ್ರೀತಿಯೂ ಇದ್ದೀತು, ಆದರೆ ಕೆನ್ನೆಯ ಗ್ರಂಥಿಗಳಿಂದ ತನ್ನ ವಾಸನೆಯ ಗುರುತನ್ನೂ ಅದು ಹಚ್ಚಿರುತ್ತದೆ. ಹುಲಿ ಮರದ ಬೊಡ್ಡೆಗೆ ಕೆನ್ನೆ ತಿಕ್ಕುವುದೂ ಇದೇ ಬಗೆಯದು. ತಾಯಿಬೆಕ್ಕು ಅರೆಜೀವದ ಇಲಿಯನ್ನು ಮರಿಗಳ ಮುಂದೆ ತಂದು ಬಿಟ್ಟರೆ ಕ್ರೂರಿಯೆಂದು ಬೈಯುತ್ತೇವೆ. ಅದು ಬೇಟೆಯ ಮೊದಲ ಪಾಠ. ಇನ್ನು, ಹೆತ್ತ ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುವುದುಂಟಷ್ಟೆ. ಏಳರ ಲೆಕ್ಕ ಹೇಗೋ ಏನೋ, ಸ್ಥಳ ಬದಲಿಸುವುದಂತೂ ನಿಜ. ಶತ್ರುವಿನ ಸುಳಿವು ಸಿಕ್ಕಿದರೆ ಅದು ಮರಿಯ ಕತ್ತಿನ ಹಿಂಭಾಗವನ್ನು ಬಾಯಲ್ಲಿ ಹಿಡಿದು ಎತ್ತುತ್ತದೆ. ಹಿಡಿತ ಬಿದ್ದೊಡನೆ ಮರಿ ಕಾಲು ಮುದುರಿಕೊಂಡು ಸುಮ್ಮನಾಗುತ್ತದೆ.

ಈ ಕೊನೆಯ ನಡತೆಯನ್ನು ನಾವು ಅರಿಯದೆ ಹೋದುದರ ಫಲವನ್ನು ಅನುಭವಿಸುತ್ತಿರುವುದು ಮನೆಯ ಬೆಕ್ಕಲ್ಲ, ಅದರ ದಾಯಾದಿಯಾದ ನಮ್ಮ ಹೊಲಗಳ ಕಾಡುಬೆಕ್ಕು. (ಪುನುಗು ಬೆಕ್ಕಿನ ಮಾತಲ್ಲ, ಅದು ಹೆಸರಿಗೆ ಮಾತ್ರ ಬೆಕ್ಕು, ಅದರ ಕುಲವೇ ಬೇರೆ.) ಉದ್ದ ಕಾಲು, ಕಪ್ಪು ಬಳೆಗಳಿರುವ ಮೋಟು ಬಾಲ, ಕಿವಿಯ ತುದಿಯಲ್ಲಿ ಒಂದಿಷ್ಟು ಕಪ್ಪು ಕೂದಲು: ಇದು ಅದರ ಗುರುತು. ಹೆಸರು ಕಾಡಿನದಾದರೂ ಅದಕ್ಕೆ ಪ್ರಿಯವಾದದ್ದು ದಟ್ಟವಾದ ಅರಣ್ಯವಲ್ಲ, ಜೊಂಡು ಮತ್ತು ಎತ್ತರದ ಹುಲ್ಲು. ಕಬ್ಬು ಜೊಂಡಿನಂತೆಯೇ ಮರೆ ಕೊಡುವುದರಿಂದ ಗದ್ದೆಯ ನಡುವೆಯೇ ಮರಿ ಹಾಕುತ್ತದೆ.

ಕಟಾವು ಬಂದಾಗ ತಾಯಿ ಜನರಿಗೆ ಬೆದರಿ ಮರೆಯಾಗುತ್ತದೆ, ಮರಿಗಳು ಬಯಲಿಗೆ ಬೀಳುತ್ತವೆ. ತಬ್ಬಲಿಗಳೆಂದೋ ಚಿರತೆಯ ಮರಿಗಳೆಂದೋ ಭಾವಿಸಿ ಕೂಲಿಯವರು ಮನೆಗೆ ಒಯ್ದು ಹಸುವಿನ ಹಾಲು ಕುಡಿಸುತ್ತಾರೆ. ಕರುಣೆಯೇನೋ ನಿಜವಾದುದೇ, ಆದರೆ ಆ ಹಾಲು ಒಗ್ಗದೆ ಎಷ್ಟೋ ಮರಿಗಳು ಸಾಯುತ್ತವೆ. ಬದುಕಿದವಕ್ಕೆ ಬೇಟೆ ಕಲಿಸುವ ತಾಯಿಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಸಾಕುವುದು ಅಪರಾಧವೆಂಬುದು ಬೇರೆ ಮಾತು.

ತಾಯಿ ದೂರ ಹೋಗಿರುವುದಿಲ್ಲ. ಮಹಾರಾಷ್ಟ್ರದ ಜುನ್ನರ್ ಸುತ್ತಿನ ಕಬ್ಬಿನ ಗದ್ದೆಗಳಲ್ಲಿ ಸಿಕ್ಕ ಚಿರತೆಯ ಮರಿಗಳನ್ನೇ ಸಂಜೆ ಅದೇ ಜಾಗದಲ್ಲಿಟ್ಟು, ತಾಯಿಯು ಕತ್ತಲಲ್ಲಿ ಬಂದು ಒಯ್ಯುವುದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಕಾಡುಬೆಕ್ಕಿನ ಮರಿ ಕಂಡಲ್ಲಿ ಅಷ್ಟು ಕಬ್ಬನ್ನು ಕಡಿಯದೆ ಬಿಟ್ಟು, ಅರಣ್ಯ ಇಲಾಖೆಗೆ ತಿಳಿಸಿ, ಒಂದು ರಾತ್ರಿ ಜನ ಅತ್ತ ಸುಳಿಯದಿದ್ದರೆ, ಅದು ಒಂದೊಂದನ್ನಾಗಿ ಕತ್ತು ಹಿಡಿದು ಬೇರೆ ಗದ್ದೆಗೆ ಸಾಗಿಸಬಲ್ಲದು.