ಐದು ಸೆಂಟು ಜಾಗಕ್ಕೆ ಬೇಲಿ ಎಷ್ಟು ಅಡಿ?

ಕಾಸರಗೋಡು: ‘ಟೀಚರ್, ಇದನ್ನು ಕೂಡಿಸ್ಬೇಕಾ, ಗುಣಿಸ್ಬೇಕಾ?’ ಗಡಿನಾಡಿನ ಕನ್ನಡ ತರಗತಿಗಳಲ್ಲಿ ಅಳತೆಯ ಪಾಠ ಬಂದಾಗ ಈ ಪ್ರಶ್ನೆ ತಪ್ಪಿದ್ದಲ್ಲ. ಉದ್ದ, ಅಗಲ ಕೊಟ್ಟರೆ ಮಕ್ಕಳು ಲೆಕ್ಕ ಮಾಡಿಯಾರು. ಸುತ್ತಳತೆಗೂ ವಿಸ್ತೀರ್ಣಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಮಾತ್ರ ಸೂತ್ರ ಒಪ್ಪಿಸಿ ಸುಮ್ಮನಾಗುತ್ತಾರೆ.

ಇಲ್ಲಿನ ಮಕ್ಕಳಿಗೆ ಭಾಷೆಯ ತೊಡಕು ಬೇರೆ. ಕನ್ನಡದ ಸುತ್ತಳತೆ ಮಲಯಾಳದಲ್ಲಿ ‘ಚುಟ್ಟಳವ್’, ವಿಸ್ತೀರ್ಣ ‘ಪರಪ್ಪಳವ್’. ಇವೆರಡು ಹೇಗೋ ಅರ್ಥವಾಗುತ್ತವೆ. ಪೇಚಾಟ ಘನಫಲದ್ದು. ಅದಕ್ಕೆ ಮಲಯಾಳದಲ್ಲಿ ‘ವ್ಯಾಪ್ತಂ’. ಕನ್ನಡದ ಮಗುವಿಗೆ ಕೂಡಲೇ ನೆನಪಾಗುವುದು ಪೊಲೀಸ್ ಠಾಣೆಯ ‘ವ್ಯಾಪ್ತಿ’, ಅಂದರೆ ನೆಲದ ಹರವು! ಮುಂದೆ ಮಾಧ್ಯಮ ಬದಲಿಸುವ ಮಗು ಲೆಕ್ಕ ಗೊತ್ತಿದ್ದೂ ಇಲ್ಲಿ ಎಡವಬಹುದು. ವಸ್ತುವನ್ನೇ ಕಣ್ಣಾರೆ ಕಂಡಿದ್ದರೆ ಹೆಸರು ಯಾವುದಾದರೂ ಹೆದರಬೇಕಿಲ್ಲ.

ಅದಕ್ಕೆ ಮನೆ ಜಾಗವೇ ಸಾಕು. ಒಂದು ಸೆಂಟು ಎಂದರೆ 435.6 ಚದರ ಅಡಿ, ಐದು ಸೆಂಟಿಗೆ 2,178. ಜಾಗ 66 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಸರಿಯಾಗಿ ಐದು ಸೆಂಟು. ಸುತ್ತ ಬೇಲಿ 198 ಅಡಿ. ರಸ್ತೆ ಬದಿಯ ಪಟ್ಟಿಯಂತಹ ಜಾಗ, 99 ಅಡಿಗೆ 22 ಅಡಿ, ಅದೂ ಐದೇ ಸೆಂಟು. ಬೇಲಿ ಮಾತ್ರ 242 ಅಡಿ. ‘ಎರಡೂ ಐದು ಸೆಂಟೇ ಅಲ್ವಾ, ಮತ್ತೆ ತಂತಿ ಯಾಕೆ ಜಾಸ್ತಿ?’ ಎಂದು ಮಗು ಕೇಳಿತೆಂದರೆ ಪಾಠ ಅರ್ಧ ಮುಗಿದಂತೆ. ದೊಡ್ಡವರಿಗೂ ಎಷ್ಟೋ ಸಲ ಇದು ಹೊಳೆಯುವುದು ಬೇಲಿಯ ಬಿಲ್ಲು ಕೈಗೆ ಬಂದಾಗಲೇ.

ಸಣ್ಣ ಮಕ್ಕಳಿಗೆ ಸೆಂಟು, ಅಡಿ ಬೇಡ. ಅಡಕೆ ಒಣಹಾಕುವ ಅಂಗಳದ ಅಂಚಿಗೆ ಹಗ್ಗ ಹಿಡಿಸಿ ಅಳೆಸಿದರೆ ಸುತ್ತಳತೆ. ಒಳಗೆ ಹಳೆಯ ಪೇಪರಿನ ಹಾಳೆಗಳನ್ನು ಒತ್ತಾಗಿ ಹಾಸಿ ಎಣಿಸಿದರೆ ವಿಸ್ತೀರ್ಣ. (ಅಡಕೆ ಹರಡಿರುವ ದಿನ ಅಜ್ಜಿ ಒಪ್ಪುವುದು ಕಷ್ಟ.) ಗುಣಾಕಾರ ಆಮೇಲೆ ತಾನಾಗಿ ಬರುತ್ತದೆ: ಸಾಲಿಗೆ ಇಷ್ಟು ಹಾಳೆ, ಇಷ್ಟು ಸಾಲು.

ಘನಫಲಕ್ಕೆ ಅಡುಗೆಮನೆಗೆ ಬನ್ನಿ. ಎ-4 ಅಳತೆಯ ಎರಡು ಕಾಗದ ತೆಗೆದುಕೊಂಡು, ಒಂದನ್ನು ಎತ್ತರದ ಕೊಳವೆಯಾಗಿ, ಇನ್ನೊಂದನ್ನು ಗಿಡ್ಡ ಕೊಳವೆಯಾಗಿ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಅಂಟಿಸಿ. ಎರಡನ್ನೂ ತಟ್ಟೆಯಲ್ಲಿ ನಿಲ್ಲಿಸಿ ಕುಚ್ಚಲಕ್ಕಿ ತುಂಬಿಸಿ. ಯಾವುದಕ್ಕೆ ಹೆಚ್ಚು ಹಿಡಿಯುತ್ತದೆ ಎಂದು ಮೊದಲೇ ಕೇಳಿದರೆ ಹೆಚ್ಚಿನ ಮಕ್ಕಳ ಬೆರಳು ಎತ್ತರದ್ದರ ಕಡೆಗೇ. ಸುರಿದು ಅಳೆದಾಗ ಎತ್ತರದ್ದು ಸುಮಾರು ಒಂದು ಲೀಟರ್, ಗಿಡ್ಡದ್ದು ಹೆಚ್ಚುಕಡಿಮೆ ಒಂದೂವರೆ. ಕಾಗದ ಅಷ್ಟೇ, ಅಕ್ಕಿ ಬೇರೆ. ‘ಇನ್ನೊಮ್ಮೆ ಸುರೀಲಾ?’ ಎಂದು ಕೇಳಿದರೆ ಬೇಡ ಅನ್ನಬೇಡಿ.